ಕ್ಯಾನ್ವಾಸ್ ಮೇಲೆ ಕಸುಬು ಎಲ್ಲಿ, ಕಲೆ ಎಲ್ಲಿ?

ನಮಸ್ಕಾರ. ಈಗ ಪರದೆಯ ಮೇಲೆ ಕಾಣುತ್ತಿರುವುದು ಚೌಕಟ್ಟಿಗೆ ಬಿಗಿದ ಬರಿಯ ಲಿನನ್ ಬಟ್ಟೆ. ಕಿಟಕಿಯ ಪಕ್ಕದ ಒಂದು ಕುರ್ಚಿ, ಅದರ ಬೆನ್ನಿಗೆ ಇಳಿಬಿದ್ದಿರುವ ಬಿಳಿ ವಸ್ತ್ರ, ಇಷ್ಟನ್ನೇ ಇದರ ಮೇಲೆ ತೈಲವರ್ಣದಲ್ಲಿ ಬರೆಯಲಿದ್ದೇನೆ. ಕೈ ತನ್ನ ಕೆಲಸ ಮಾಡುತ್ತಿರಲಿ. ಅಷ್ಟರಲ್ಲಿ ಬಹಳ ಕಾಲದಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆಯೊಂದನ್ನು ನಿಮ್ಮ ಮುಂದಿಡುತ್ತೇನೆ: ಚಿತ್ರ ಬರೆಯುವುದರಲ್ಲಿ ಕಸುಬು ಯಾವುದು, ಕಲೆ ಯಾವುದು?

ಕಸುಬು ಕೈಯದು, ಕಲೆ ಮನಸ್ಸಿನದು ಎಂದು ಹಲವರು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪಳಗಿದ ಕೈಗೆ ತನ್ನದೇ ಬುದ್ಧಿ ಇರುತ್ತದೆ ಎಂಬುದನ್ನು ಆ ಮಾತು ಮರೆತುಬಿಡುತ್ತದೆ. ನಾನು ಗೆರೆ ಎಳೆಯುವ ಜಾಗ ಬೇರೆ. ಒಂದು ಚಿತ್ರದಲ್ಲಿ ಇನ್ನೊಬ್ಬರು ಕಲಿಸಬಹುದಾದದ್ದು, ತಪ್ಪಿದರೆ ಇನ್ನೊಬ್ಬರು ಬಂದು ತಿದ್ದಬಹುದಾದದ್ದು ಕಸುಬು. ಇನ್ನೊಬ್ಬರು ಮುಟ್ಟಿದರೆ ಚಿತ್ರವೇ ಬೇರೆಯಾಗಿಬಿಡುವಂಥದ್ದು ಕಲೆ.

ಮೊದಲು ಕಸುಬನ್ನು ನೋಡಿ. ಬಟ್ಟೆಗೆ ತೆಳುವಾದ ಅಂಟು ಬಳಿಯುತ್ತಿದ್ದೇನೆ. ಎಣ್ಣೆ ನೇರವಾಗಿ ನಾರಿಗೆ ಇಳಿದರೆ ವರ್ಷಗಳು ಕಳೆದಂತೆ ನಾರು ಜೀರ್ಣವಾಗುತ್ತದೆ, ಅದಕ್ಕೆ ಈ ತಡೆ. ಅಂಟು ಒಣಗಿದ ಮೇಲೆ ಗೆಸ್ಸೊ ಎಂಬ ಬಿಳಿ ಲೇಪ, ಆಮೇಲೆ ಉಪ್ಪುಕಾಗದದಿಂದ ಹದವಾಗಿ ಉಜ್ಜುವುದು. ನಂತರ ಕಂದು ಬಣ್ಣಕ್ಕೆ ಟರ್ಪೆಂಟೈನ್ ಬೆರೆಸಿ ತೆಳುವಾಗಿ ಮೊದಲ ಪದರ. ಮೇಲೆ ಹೋದಂತೆ ಬಣ್ಣದಲ್ಲಿ ಅಗಸೆ ಎಣ್ಣೆ ಹೆಚ್ಚಬೇಕು. ತೈಲವರ್ಣ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಎಣ್ಣೆ ಹೆಚ್ಚಿರುವ ಪದರ ಕೆಳಗಿದ್ದು, ಕಡಿಮೆ ಇರುವುದು ಮೇಲೆ ಬಂದರೆ ಮೇಲಿನದು ಬೇಗ ಬಿಗಿಯುತ್ತದೆ, ಕೆಳಗಿನದು ಇನ್ನೂ ಅಲುಗಾಡುತ್ತಿರುತ್ತದೆ, ಬಣ್ಣ ಬಿರುಕು ಬಿಡುತ್ತದೆ.

ಇದಿಷ್ಟನ್ನೂ ನಾನು ಬೇರೆಯವರಿಂದ ಕಲಿತೆ, ನಿಮಗೂ ಕಲಿಸಬಲ್ಲೆ. ಹಾಗೆಂದು ಇದು ಸಣ್ಣ ವಿಷಯವಲ್ಲ. ಎಷ್ಟು ಸಣ್ಣದಲ್ಲ ಎಂಬುದಕ್ಕೆ ಲಿಯೊನಾರ್ಡೊ ಡ ವಿಂಚಿಯ ‘ಕೊನೆಯ ಭೋಜನ’ವನ್ನು ನೆನೆಯುತ್ತೇನೆ. ಮಿಲಾನ್‌ನ ಮಠವೊಂದರ ಊಟದ ಮನೆಯ ಗೋಡೆಯ ಮೇಲೆ ಸುಮಾರು 1495ರಿಂದ 1498ರ ನಡುವೆ ಅವನು ಅದನ್ನು ಬರೆದ. ಆ ಕಾಲದ ಭಿತ್ತಿಚಿತ್ರದ ಪದ್ಧತಿ ಸ್ಪಷ್ಟವಾಗಿತ್ತು. ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣ ಹಾಕಬೇಕು; ಗಾರೆ ಗಟ್ಟಿಯಾಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಆದರೆ ಆ ದಿನದ ಗಾರೆ ಆ ದಿನವೇ ಮುಗಿಯಬೇಕು, ಹಿಂದಿರುಗಿ ತಿದ್ದುವಂತಿಲ್ಲ. ಲಿಯೊನಾರ್ಡೊಗೆ ಅದು ಆಗದ ಮಾತು. ಅವನು ಚಿತ್ರದ ಮುಂದೆ ಗಂಟೆಗಟ್ಟಲೆ ಕುಂಚವನ್ನೇ ಮುಟ್ಟದೆ ನಿಂತಿರುತ್ತಿದ್ದನೆಂದು ಬಾಲ್ಯದಲ್ಲಿ ಅದನ್ನು ಕಂಡಿದ್ದ ಬಾಂದೆಲ್ಲೊ ಎಂಬ ಲೇಖಕ ಬರೆದಿದ್ದಾನೆ. ಯೋಚಿಸಲು, ಬದಲಿಸಲು ಬಿಡುವು ಬೇಕೆಂದೇ ಅವನು ಒಣ ಗೋಡೆಯ ಮೇಲೆ ಬರೆದ. ಪರಿಣಾಮವಾಗಿ, ಅವನಿನ್ನೂ ಬದುಕಿರುವಾಗಲೇ ಬಣ್ಣ ಉದುರಲು ತೊಡಗಿತು.

ನನ್ನನ್ನು ಹಿಡಿದು ನಿಲ್ಲಿಸುವ ಭಾಗ ಇನ್ನು ಮುಂದಿನದು. 1978ರಿಂದ 1999ರವರೆಗೆ, ಇಪ್ಪತ್ತು ವರ್ಷಗಳಿಗೂ ಮಿಕ್ಕಿ, ಪಿನಿನ್ ಬ್ರಾಂಬಿಲ್ಲಾ ಬಾರ್ಚಿಲೊನ್ ಅವರು ಆ ಗೋಡೆಯ ಜೀರ್ಣೋದ್ಧಾರದ ಹೊಣೆ ಹೊತ್ತಿದ್ದರು. ಹಿಂದಿನ ಶತಮಾನಗಳಲ್ಲಿ ಬೇರೆ ಬೇರೆ ಕೈಗಳು ಮೇಲಿಂದ ಬಳಿದಿದ್ದ ಬಣ್ಣವನ್ನು ಸೂಕ್ಷ್ಮದರ್ಶಕದ ಕೆಳಗೆ ಚೂರು ಚೂರಾಗಿ ತೆಗೆದರು. ತೆಗೆದ ಮೇಲೆ ಅಲ್ಲಲ್ಲಿ ಖಾಲಿ ಗೋಡೆ ಉಳಿಯಿತು. ಕಾಣೆಯಾದ ಕೆನ್ನೆಯನ್ನೋ ಬೆರಳನ್ನೋ ಅಲ್ಲಿ ಹೊಸದಾಗಿ ಬರೆಯುವ ಕೈಹಿಡಿತ ಅಂಥವರಿಗೆ ಇರಲಿಲ್ಲವೇ? ಖಂಡಿತ ಇತ್ತು. ಆದರೂ ಬರೆಯಲಿಲ್ಲ. ಖಾಲಿ ಜಾಗಕ್ಕೆ ತಗ್ಗಿದ ಬಣ್ಣದ ಜಲವರ್ಣ ಬಳಿದು, ಇದು ಲಿಯೊನಾರ್ಡೊನ ಕೈಯದಲ್ಲ ಎಂದು ನೋಡುಗರಿಗೆ ಗೊತ್ತಾಗುವಂತೆ ಬಿಟ್ಟರು. ಬೇಕಾದಾಗ ಅದನ್ನು ಅಳಿಸಲೂ ಬಹುದು. ಗೋಡೆಯ ಮೇಲೆ ನಿಂತಿದ್ದ ಬಣ್ಣವನ್ನು ಹಿಡಿದು ಉಳಿಸುವುದು ಕಸುಬು, ಅದನ್ನು ಅವರು ಮಾಡಿದರು. ಹೋದ ಕೆನ್ನೆ ಹೇಗಿರಬೇಕಿತ್ತೆಂಬ ತೀರ್ಮಾನ ಲಿಯೊನಾರ್ಡೊನದು, ಅದಕ್ಕೆ ಕೈ ಹಾಕಲಿಲ್ಲ. ನಾನು ಹುಡುಕುತ್ತಿದ್ದ ಗೆರೆ ಆ ಗೋಡೆಯ ಮೇಲೆ ಕಣ್ಣಿಗೆ ಕಾಣುವಂತೆಯೇ ಇದೆ. ನಮ್ಮ ಕಾಲದ ಬಹು ದೊಡ್ಡ ಚಿತ್ರಕೆಲಸಗಳಲ್ಲಿ ಇದೂ ಒಂದು ಎಂದು ನಾನು ನಂಬುತ್ತೇನೆ.

ಇದರ ಎದುರು ತುದಿಯಲ್ಲಿ ನಿಂತವನು ಹಾನ್ ಫಾನ್ ಮೇಗರೆನ್. ಡಚ್ ಚಿತ್ರಕಾರ. ಹದಿನೇಳನೆಯ ಶತಮಾನದ ವರ್ಮೀರ್‌ನ ಹೆಸರಿನಲ್ಲಿ ನಕಲಿ ಚಿತ್ರಗಳನ್ನು ತಯಾರಿಸಿದವನು. ಹಳೆಯ ಕಾಲದ ಕ್ಯಾನ್ವಾಸ್ ಹುಡುಕಿ ತಂದು, ಅದರ ಮೇಲಿದ್ದ ಬಣ್ಣ ಕೆರೆದು, ವರ್ಮೀರ್ ಬಳಸುತ್ತಿದ್ದಂಥ ವರ್ಣದ್ರವ್ಯಗಳನ್ನೇ ಬಳಸಿದ. ಎಣ್ಣೆ ಪೂರ್ತಿ ಗಟ್ಟಿಯಾಗಲು ಹಿಡಿಯುವ ದಶಕಗಳನ್ನು ತಪ್ಪಿಸಲು ಬಣ್ಣಕ್ಕೆ ರಾಳದಂಥ ರಾಸಾಯನಿಕ ಬೆರೆಸಿ ಒಲೆಯಲ್ಲಿ ಬೇಯಿಸಿದ. 1937ರಲ್ಲಿ ಅವನ ‘ಎಮ್ಮಾಸ್‌ನ ಭೋಜನ’ವನ್ನು ಆ ಕಾಲದ ದೊಡ್ಡ ತಜ್ಞ ಅಬ್ರಹಾಂ ಬ್ರೆಡಿಯಸ್ ವರ್ಮೀರ್‌ನ ಮೇರುಕೃತಿ ಎಂದು ಸಾರಿದ. 1945ರಲ್ಲಿ ಬಂಧನವಾದಾಗ ಫಾನ್ ಮೇಗರೆನ್ ತಾನೇ ನಿಜ ಒಪ್ಪಿಕೊಂಡು, ಕಾವಲಿನಲ್ಲಿ ಕುಳಿತು ಇನ್ನೊಂದನ್ನು ಬರೆದು ತೋರಿಸಬೇಕಾಯಿತು.

‘ಎಮ್ಮಾಸ್‌ನ ಭೋಜನ’ವನ್ನು ಇಂದು ನೋಡಿದರೆ ಆಶ್ಚರ್ಯವಾಗುತ್ತದೆ. ಭಾರವಾದ ರೆಪ್ಪೆಗಳು, ಗುಳಿಬಿದ್ದ ಕೆನ್ನೆಗಳು, 1930ರ ದಶಕದ ಸಿನಿಮಾ ಮುಖಗಳ ಛಾಯೆ. ಬಣ್ಣ, ಬಟ್ಟೆ, ಬಿರುಕು ಎಲ್ಲವನ್ನೂ ಅವನು ಮುನ್ನೂರು ವರ್ಷ ಹಿಂದಿನಿಂದ ತಂದ. ಮುಖ ಹೇಗಿದ್ದರೆ ಚೆನ್ನ ಎಂಬ ತೀರ್ಮಾನ ಮಾತ್ರ ಅವನದೇ ಆಗಿ ಉಳಿಯಿತು, ಅವನ ಕಾಲದ್ದಾಗಿ ಉಳಿಯಿತು. ಅವನ ಸುತ್ತಲಿದ್ದವರ ಕಣ್ಣೂ ಅದೇ ಕಾಲದ್ದಾಗಿದ್ದರಿಂದ ಅವರಿಗೆ ಅದು ಕಾಣಿಸಲಿಲ್ಲ.

ನಿಜವಾದ ವರ್ಮೀರ್‌ನನ್ನು ನೋಡಬೇಕೆಂದರೆ ಸುಮಾರು 1665ರ ‘ಮುತ್ತಿನ ಓಲೆಯ ಹುಡುಗಿ’ಯ ಮುತ್ತನ್ನಷ್ಟೇ ನೋಡಿ. ಅದಕ್ಕೆ ಅಂಚಿನ ಗೆರೆಯಿಲ್ಲ. ಕಿವಿಗೆ ಸಿಕ್ಕಿಸುವ ಕೊಂಡಿಯೂ ಇಲ್ಲ. ಮೇಲೊಂದು ದಟ್ಟ ಬಿಳಿ ಚುಕ್ಕೆ, ಕೆಳಗೆ ಕೊರಳಪಟ್ಟಿಯ ಮಸುಕಾದ ಪ್ರತಿಬಿಂಬ. ಉಳಿದ ಮುತ್ತನ್ನು ನಮ್ಮ ಕಣ್ಣೇ ತುಂಬಿಕೊಳ್ಳುತ್ತದೆ. ಕೊಂಡಿ ಬರೆಯಲು ಬಾರದವನಲ್ಲ ಅವನು. ಬರೆಯಲು ಬಲ್ಲವನು ಬರೆಯದೆ ಬಿಟ್ಟಾಗ ಮಾತ್ರ ಅದು ತೀರ್ಮಾನವಾಗುತ್ತದೆ. ಬಾರದವನು ಬಿಟ್ಟರೆ ಅದು ಬರಿಯ ಕೊರತೆ. ಕಸುಬಿಲ್ಲದೆ ಕಲೆ ಸಾಧ್ಯ ಎನ್ನುವವರೊಂದಿಗೆ ನಾನು ವಾದಕ್ಕೆ ನಿಲ್ಲುವುದು ಈ ಒಂದು ಕಾರಣಕ್ಕೆ.

ಈಗ ನನ್ನ ಕ್ಯಾನ್ವಾಸಿಗೆ ಬನ್ನಿ. ಬಿಳಿ ವಸ್ತ್ರದ ಮಡಿಕೆಗಳು ಮೂಡಿವೆ. ಬಲಗಡೆ ಬೆಳಕು ಬೀಳುವ ಅಂಚು ಚೂಪಾಗಿದೆ. ಎಡಗಡೆ ವಸ್ತ್ರದ ನೆರಳು ಮತ್ತು ಹಿಂದಿನ ಗೋಡೆಯ ನೆರಳು ಹೆಚ್ಚುಕಡಿಮೆ ಒಂದೇ ಗಾಢತೆಯಲ್ಲಿವೆ, ಅಂಚು ಕರಗಿಹೋಗಿದೆ. ಅಲ್ಲೊಂದು ತೆಳು ಗೆರೆ ಎಳೆದರೆ ವಸ್ತ್ರ ಎಲ್ಲಿ ಮುಗಿಯಿತೆಂದು ತಕ್ಷಣ ತಿಳಿಯುತ್ತದೆ. ಎಣ್ಣೆ ಎಷ್ಟು ಬೆರೆಸಬೇಕು, ಯಾವ ಕುಂಚ, ಎಷ್ಟು ಒತ್ತಡ, ಎಲ್ಲವೂ ಗೊತ್ತಿದೆ. ಗೆರೆ ಬೇಕೇ ಎಂಬುದನ್ನು ಮಾತ್ರ ಯಾರನ್ನೂ ಕೇಳುವಂತಿಲ್ಲ. ಕೇಳಿ ಎಳೆದರೆ ಅದು ಅವರ ಚಿತ್ರವಾಗುತ್ತದೆ.

ಎಳೆಯುವುದಿಲ್ಲ. ಕುರ್ಚಿಯ ಕಾಲುಗಳಿಗೆ ಇನ್ನೊಂದು ಪದರ ಬಾಕಿಯಿದೆ, ಅದು ಕೆಳಗಿನದಕ್ಕಿಂತ ಎಣ್ಣೆ ಹೆಚ್ಚಿರುವ ಪದರ. ವಾರ್ನಿಷ್ ಬಳಿಯಲು ಕನಿಷ್ಠ ಆರು ತಿಂಗಳು ಕಾಯಬೇಕು. ಅಷ್ಟರೊಳಗೆ ಆ ಎಡ ಅಂಚನ್ನು ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ನನಗೆ ಬರೆಯಿರಿ. ಚಿತ್ರ ಬದಲಿಸುವುದಿಲ್ಲ, ಆದರೆ ನಿಮ್ಮ ಕಣ್ಣಿಗೆ ಅಲ್ಲಿ ಏನು ಬೇಕೆನಿಸಿತು ಎಂದು ತಿಳಿಯುವ ಆಸೆ ಇದೆ.