ಆರಡಿ ನೀರಿನ ಯುದ್ಧ

ನಮಸ್ಕಾರ. ಇವತ್ತಿನ ಮಾತು ಆರಡಿ ನೀರಿನ ಬಗ್ಗೆ.

ಬ್ರಿಟನ್ ಮತ್ತು ಚೀನಾ ನಡುವಿನ ಮೊದಲ ಅಫೀಮು ಯುದ್ಧ ಅಂದ ಕೂಡಲೇ ಎಲ್ಲರೂ ಫಿರಂಗಿಯ ಲೆಕ್ಕ ಹೇಳ್ತಾರೆ. ಫಿರಂಗಿ 1840ರಲ್ಲೂ ಇತ್ತು, 1842ರಲ್ಲೂ ಇತ್ತು. ಆದರೂ ಮೊದಲ ವರ್ಷ ಬ್ರಿಟಿಷರಿಗೆ ದಕ್ಕಿದ್ದು ಅಷ್ಟಕ್ಕಷ್ಟೇ. ನನ್ನ ವಾದ ಇಷ್ಟು: ಹೊಡೆತ ಜೋರಾಗಿಯೇ ಇತ್ತು, ಹೊಡೆದ ಜಾಗ ತಪ್ಪಾಗಿತ್ತು.

ಜಗಳದ ಬುಡಕ್ಕೆ ಹೋಗೋಣ. 1839ರ ಮಾರ್ಚ್‌ನಲ್ಲಿ ಚೀನಾ ಚಕ್ರವರ್ತಿ ಕಳಿಸಿದ ಅಧಿಕಾರಿ ಲಿನ್ ಝೆಶು ದಕ್ಷಿಣದ ಬಂದರು ಕ್ಯಾಂಟನ್‌ಗೆ ಬಂದು, ವಿದೇಶಿ ವರ್ತಕರ ಕೋಠಿಗಳನ್ನ ಸುತ್ತುವರಿದು, ಅಫೀಮು ಒಪ್ಪಿಸಿ ಅಂದ. ಬ್ರಿಟಿಷ್ ಅಧಿಕಾರಿ ಚಾರ್ಲ್ಸ್ ಎಲಿಯಟ್ ಆಗ ಮಾಡಿದ ಕೆಲಸ ನೋಡಿ. ಮಾಲನ್ನ ನೇರವಾಗಿ ಚೀನಿಯರಿಗೆ ಕೊಡಿ ಅನ್ನಲಿಲ್ಲ. ರಾಣಿಯ ಸರ್ಕಾರದ ಹೆಸರಲ್ಲಿ ನನಗೆ ಕೊಡಿ ಅಂದ. 20,283 ಪೆಟ್ಟಿಗೆಗಳ ಲೆಕ್ಕ ಬರೆದುಕೊಟ್ಟ. ಲಿನ್ ಅದನ್ನ ಹುಮೆನ್‌ನಲ್ಲಿ ಹೊಂಡ ತೋಡಿಸಿ, ಉಪ್ಪುನೀರು, ಸುಣ್ಣ ಹಾಕಿ ಕರಗಿಸಿ ಸಮುದ್ರಕ್ಕೆ ಹರಿಸಿದ. ಅವನ ಕಣ್ಣಿಗೆ ಅದು ಕಳ್ಳಮಾಲು. ಎಲಿಯಟ್‌ನ ಸಹಿ ಬಿದ್ದ ಮೇಲೆ ಲಂಡನ್ನಿನ ಖಾತೆಯಲ್ಲಿ ಅದು ಸರ್ಕಾರದ ಸಾಲ. ಆ ಸಾಲವನ್ನ ಚೀನಾದಿಂದಲೇ ವಸೂಲು ಮಾಡೋಣ ಅನ್ನೋದು ವಿದೇಶಾಂಗ ಮಂತ್ರಿ ಪಾಮರ್‌ಸ್ಟನ್‌ನ ದಾರಿ. 1840ರ ಏಪ್ರಿಲ್‌ನಲ್ಲಿ ಸಂಸತ್ತಿನಲ್ಲಿ ಇದಕ್ಕೆ ಬಂದ ವಿರೋಧ ಬರೀ 9 ಮತಗಳಲ್ಲಿ ಸೋತಿತು, 271ಕ್ಕೆ 262.

ಪಾಮರ್‌ಸ್ಟನ್ ಕೊಟ್ಟ ಯೋಜನೆ: ಕ್ಯಾಂಟನ್‌ಗೆ ದಿಗ್ಬಂಧನ, ಝೌಶಾನ್ ದ್ವೀಪ ವಶ, ಉತ್ತರದಲ್ಲಿ, ಬೀಜಿಂಗ್ ಕಡೆಯ ಬೈಹೆ ನದಿಯ ಬಾಯಲ್ಲಿ ಬೇಡಿಕೆಗಳ ಪತ್ರ ತಲುಪಿಸೋದು. ಜುಲೈ 5ಕ್ಕೆ ಝೌಶಾನ್‌ನ ದಿಂಗ್‌ಹೈ ಬಿತ್ತು, ಫಿರಂಗಿ ಕೆಲಸ ಕೆಲವೇ ನಿಮಿಷ. ಆಮೇಲಿನದು ಯಾರೂ ಹೆಮ್ಮೆಯಿಂದ ಹೇಳದ ಕಥೆ. ಜ್ವರ, ಭೇದಿ, ಕೆಟ್ಟ ಉಪ್ಪುಮಾಂಸ. ವರ್ಷ ಮುಗಿಯೋದರೊಳಗೆ 400ಕ್ಕೂ ಹೆಚ್ಚು ಸೈನಿಕರು ಕಾಯಿಲೆಗೇ ಸತ್ತರು.

ಬೈಹೆ ಬಾಯಲ್ಲಿ ಇನ್ನೊಂದು ತೊಡಕು. 74 ಫಿರಂಗಿಯ ದೊಡ್ಡ ಹಡಗಿಗೆ 20 ಅಡಿಗೂ ಹೆಚ್ಚು ಆಳ ಬೇಕು, ಅಲ್ಲಿರೋದು ಕೆಸರಿನ ದಿಬ್ಬ. ದೂರದಲ್ಲೇ ಲಂಗರು. ದೂರದಲ್ಲಿ ನಿಂತವನ ಬೆದರಿಕೆಗೆ ಎಷ್ಟು ಬೆಲೆ? ಚೀನೀ ಅಧಿಕಾರಿ ಚಿಶಾನ್ ನಯವಾಗಿ ಮಾತಾಡಿ ಇಡೀ ನೌಕಾಪಡೆಯನ್ನ ಮತ್ತೆ ಕ್ಯಾಂಟನ್‌ಗೆ ಕಳಿಸಿಬಿಟ್ಟ. ಚೀನಾದ ಕಡೆಯಿಂದ ಆ ಯುದ್ಧದಲ್ಲಿ ನಡೆದ ಅತ್ಯುತ್ತಮ ರಾಜತಾಂತ್ರಿಕ ಕೆಲಸ ಇದೇ ಅಂತೀನಿ. ಪಾಪ, 1841ರ ಜನವರಿಯಲ್ಲಿ ಅವನೂ ಎಲಿಯಟ್ಟೂ ಸೇರಿ ಹಾಂಗ್‌ಕಾಂಗ್ ಮತ್ತು 60 ಲಕ್ಷ ಡಾಲರಿಗೆ ಕುದುರಿಸಿದ ಒಪ್ಪಂದವನ್ನ ಎರಡೂ ಸರ್ಕಾರ ತಿರಸ್ಕರಿಸಿದವು. ಚಿಶಾನ್‌ಗೆ ಕೈಕೋಳ, ಎಲಿಯಟ್‌ಗೆ ವಜಾ.

ಇಷ್ಟರಲ್ಲಿ ನೆಮೆಸಿಸ್ ಬಂದಿತ್ತು. ಈಸ್ಟ್ ಇಂಡಿಯಾ ಕಂಪನಿಯ ಕಬ್ಬಿಣದ ಸ್ಟೀಮರ್, ಬರ್ಕನ್‌ಹೆಡ್‌ನ ಲೇರ್ಡ್ ಕಟ್ಟಿದ್ದು. ಉದ್ದ 184 ಅಡಿ, 60 ಅಶ್ವಶಕ್ತಿಯ ಎರಡು ಎಂಜಿನ್, ತಿರುಗಿಸಬಹುದಾದ ಎರಡು 32 ಪೌಂಡಿನ ಫಿರಂಗಿ. ಸಾಮಾನು ತುಂಬಿದರೂ ಸುಮಾರು ಆರಡಿ ನೀರು ಸಾಕು. ಕೆಳಗೆ ಎರಡು ಕೀಲ್, ಅಂದರೆ ಹಡಗು ಪಕ್ಕಕ್ಕೆ ಜಾರದಂತೆ ತಡೆಯೋ ತಳದ ಹಲಗೆ. ಆಳದಲ್ಲಿ ಇಳಿಸೋದು, ತೆಳು ನೀರಲ್ಲಿ ಎತ್ತಿಕೊಳ್ಳೋದು. ದೋಷವೂ ಇತ್ತು. ಕಬ್ಬಿಣದ ಮೈಯಿಂದ ದಿಕ್ಸೂಚಿ ದಾರಿ ತಪ್ಪುತ್ತೆ, ಸರಿದೂಗಿಸೋಕೆ ಆಯಸ್ಕಾಂತ ಇಡಬೇಕು. ಆಫ್ರಿಕಾ ಸುತ್ತುವಾಗ ಬಿರುಗಾಳಿಗೆ ಪಕ್ಕದ ತಗಡೇ ಬಿರಿದು, ಡೆಲಗೋವಾ ಕೊಲ್ಲಿಯಲ್ಲಿ ರಿಪೇರಿ ಆಗಬೇಕಾಯಿತು. ಆದರೆ ಗಾಳಿ ಇಲ್ಲದಾಗಲೂ ಅದು ಓಡುತ್ತೆ, ದೊಡ್ಡ ಹಡಗನ್ನ ಎಳೆದೊಯ್ಯುತ್ತೆ. ಚೀನೀ ಕೋಟೆಗಳ ಎಷ್ಟೋ ತೋಪುಗಳನ್ನ ಅತ್ತಿತ್ತ ತಿರುಗಿಸೋಕೇ ಆಗ್ತಿರಲಿಲ್ಲ. ನದಿಯ ಕಡೆ ಮುಖ, ಬೆನ್ನು ಬರಿದು. ಹಿಂದಿನಿಂದ ದಂಡು ಇಳಿಸಿದರೆ ಮುಗೀತು.

ನೆಲದ ಮೇಲೆ ಆಟ ಅಷ್ಟು ಸಲೀಸಲ್ಲ. 1841ರ ಮೇನಲ್ಲಿ ಕ್ಯಾಂಟನ್ ಹತ್ತಿರ ಸನ್‌ಯುಆನ್‌ಲಿಯಲ್ಲಿ 37ನೇ ಮದ್ರಾಸ್ ಪದಾತಿದಳದ ಒಂದು ತುಕಡಿ ಮಳೆಗೆ ಸಿಕ್ಕಿತು. ಚಕಮಕಿ ಕಲ್ಲಿನ ಬಂದೂಕು, ಮದ್ದು ಒದ್ದೆ, ಒಂದೂ ಹಾರಲಿಲ್ಲ. ಹಳ್ಳಿಯವರ ಈಟಿಗಳ ನಡುವಿಂದ ಅವರನ್ನ ಬಿಡಿಸಿ ತಂದದ್ದು ಮಳೆಯಲ್ಲೂ ಹಾರುವ ಕ್ಯಾಪ್ ಬಂದೂಕಿನ ಮೆರೀನ್‌ಗಳು, ಅಂದರೆ ನೌಕಾಪಡೆಯ ಸೈನಿಕರು. ಅಂದಹಾಗೆ ಸೇನೆಯ ಎಂಜಿನಿಯರಿಂಗ್ ಕೆಲಸದ ಮದ್ರಾಸ್ ಸ್ಯಾಪರ್‌ಗಳೂ ಈ ಯುದ್ಧದಲ್ಲಿದ್ದರು. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್, ಇವತ್ತಿನ ಅವರ ಮನೆ.

ನಿಜವಾದ ಗುರಿ ಸಿಕ್ಕಿದ್ದು 1842ರಲ್ಲಿ, ಎಲಿಯಟ್ ಜಾಗಕ್ಕೆ ಪಾಟಿಂಜರ್ ಬಂದ ಮೇಲೆ. ದಕ್ಷಿಣದ ಅಕ್ಕಿ ಬೀಜಿಂಗ್‌ಗೆ ಹೋಗೋದು ಮಹಾಕಾಲುವೆಯಲ್ಲಿ. ಆ ಕಾಲುವೆ ಯಾಂಗ್ಟ್ಸೆಯನ್ನ ದಾಟೋದು ಝೆನ್‌ಜಿಯಾಂಗ್ ಬಳಿ. ಕಾಲಿನ್ಸನ್ ಮತ್ತು ಕೆಲೆಟ್ ಅನ್ನೋ ಇಬ್ಬರು ಅಧಿಕಾರಿಗಳು ಮುಂದೆ ಹೋಗಿ ನದಿಯ ಆಳ ಅಳೆದರು, ಹಿಂದೆ 70ಕ್ಕೂ ಹೆಚ್ಚು ಹಡಗು. ಜುಲೈ 21ಕ್ಕೆ ಝೆನ್‌ಜಿಯಾಂಗ್ ಬಿತ್ತು. ಮಂಚು ಕಾವಲು ಪಡೆ ಬೀದಿ ಬೀದಿಯಲ್ಲಿ ಕಾದಿತು, ಬ್ರಿಟಿಷರಲ್ಲಿ ಬಿಸಿಲಿಗೇ ಕೆಲವರು ಸತ್ತರು. ಕ್ಯಾಂಟನ್ ಕೈಬಿಟ್ಟಾಗ ಅಲುಗದ ಆಸ್ಥಾನ, ಅಕ್ಕಿಯ ದಾರಿ ಮುಚ್ಚಿದ ಕೆಲವೇ ವಾರದಲ್ಲಿ ಮಾತಿಗೆ ಕೂತಿತು.

ಆಗಸ್ಟ್ 29ರಂದು ನಾನ್‌ಜಿಂಗ್ ಎದುರು, ಬಾಂಬೆಯಲ್ಲಿ ತೇಗದಿಂದ ಕಟ್ಟಿದ ಕಾರ್ನ್‌ವಾಲಿಸ್ ಹಡಗಿನ ಮೇಲೆ ಸಹಿ ಬಿತ್ತು. ಹಾಂಗ್‌ಕಾಂಗ್, ಐದು ಬಂದರು, 2 ಕೋಟಿ 10 ಲಕ್ಷ ಡಾಲರ್. ಅದರಲ್ಲಿ 1 ಕೋಟಿ 20 ಲಕ್ಷ ಯುದ್ಧದ ಖರ್ಚು, 30 ಲಕ್ಷ ಚೀನೀ ವರ್ತಕರ ಸಾಲ, 60 ಲಕ್ಷ ಹುಮೆನ್‌ನಲ್ಲಿ ಕರಗಿದ ಅಫೀಮಿನ ಬೆಲೆ. ಆ ಅಫೀಮಿನ ವ್ಯಾಪಾರ ಇನ್ನು ಮುಂದೆ ಕಾನೂನಿನದೋ ಅಲ್ಲವೋ, ಆ ಬಗ್ಗೆ ಒಪ್ಪಂದದಲ್ಲಿ ಒಂದು ಸಾಲೂ ಇಲ್ಲ. ಕಲ್ಕತ್ತೆಯ ಅಫೀಮು ಹರಾಜು ಮಾತ್ರ ನಿಲ್ಲಲಿಲ್ಲ.