ಮಗುವಿಗೆ ‘ಹೆಸರಿಲ್ಲ’ ಅಂತ ಹೆಸರಿಡುವುದು ಯಾಕೆ?

ಮಂಗೋಲಿಯಾದಲ್ಲಿ ಯಾರನ್ನಾದರೂ ‘ನಿಮ್ಮ ಹೆಸರೇನು’ ಅಂತ ಕೇಳಿದರೆ ‘ನೆರ್ಗುಯ್’ ಅನ್ನುವ ಉತ್ತರ ಬರಬಹುದು. ಆ ಮಾತಿನ ಅರ್ಥ ‘ಹೆಸರಿಲ್ಲ’. ತಮಾಷೆಯಲ್ಲ, ಅವರ ಪಾಸ್‌ಪೋರ್ಟಿನಲ್ಲೂ ಅದೇ ಇರುತ್ತದೆ. ಅಲ್ಲಿ ‘ಎನೆಬಿಶ್’ ಅನ್ನುವವರೂ ಇದ್ದಾರೆ, ಅಂದರೆ ‘ಇದಲ್ಲ’. ‘ಮೂನೊಖೋಯ್’ ಅಂತಲೂ ಇದೆ, ಅಂದರೆ ಕೆಟ್ಟ ನಾಯಿ.

ಹೆತ್ತ ಮಗುವಿಗೆ ಯಾರಾದರೂ ಹೀಗೆ ಹೆಸರಿಡುತ್ತಾರಾ?

ಇಡುತ್ತಾರೆ. ಮುದ್ದು ಜಾಸ್ತಿ ಆಗಿಯೇ ಇಡುತ್ತಾರೆ. ಹಿಂದೆ ಹುಟ್ಟಿದ ಮಕ್ಕಳು ಒಂದಾದ ಮೇಲೊಂದು ತೀರಿಕೊಂಡ ಮನೆಯಲ್ಲಿ ಮತ್ತೊಂದು ಮಗು ಹುಟ್ಟಿದೆ ಅಂದುಕೊಳ್ಳಿ. ಕೆಟ್ಟ ಶಕ್ತಿ ಹುಡುಕಿಕೊಂಡು ಬಂದರೆ ಅದಕ್ಕೆ ದಾರಿ ತಪ್ಪಬೇಕು. ‘ಇಲ್ಲಿ ಅಂಥವರು ಯಾರೂ ಇಲ್ಲ, ನೀನು ಹುಡುಕುವುದು ಇದನ್ನಲ್ಲ, ಇದು ಬರೀ ನಾಯಿ’ ಅಂತ ಹೆಸರೇ ಅದಕ್ಕೆ ಸುಳ್ಳು ಹೇಳಬೇಕು. ಚೀನಾದ ಹಳ್ಳಿಗಳಲ್ಲೂ ಇದೇ ಲೆಕ್ಕ ಇತ್ತು. ಮಕ್ಕಳನ್ನು ‘ಗೌಶೆಂಗ್’ ಅಂತ ಕರೆಯುತ್ತಿದ್ದರು. ನಾಯಿ ತಿಂದು ಬಿಟ್ಟದ್ದು ಅಂತ ಅರ್ಥ.

(ಪರದೆಯ ಮೇಲೆ: ಆಫ್ರಿಕಾದ ನಕ್ಷೆ, ನೈಜೀರಿಯಾ ಬಣ್ಣದಲ್ಲಿ)

ನೈಜೀರಿಯಾದ ಯೊರುಬಾ ಜನ ಕೆಟ್ಟ ಶಕ್ತಿಯ ಜೊತೆ ಮಾತಾಡುವುದಿಲ್ಲ, ನೇರವಾಗಿ ಮಗುವಿನ ಜೊತೆಯೇ ಮಾತಾಡುತ್ತಾರೆ. ಸತ್ತ ಮಗುವೇ ಮತ್ತೆ ಮತ್ತೆ ಹುಟ್ಟಿ ಬಂದು ಮತ್ತೆ ಮತ್ತೆ ಹೊರಟುಹೋಗುತ್ತದೆ ಅನ್ನುವುದು ಅವರ ಹಳೇ ನಂಬಿಕೆ. ಅಂಥ ಮಗುವಿಗೆ ‘ಮಲೋಮೊ’ ಅಂತ ಹೆಸರಿಡುತ್ತಾರೆ, ‘ಮತ್ತೆ ಹೋಗಬೇಡ’ ಅಂತ. ಇಲ್ಲವೇ ‘ದುರೋಜಾಯೆ’, ‘ಇಲ್ಲೇ ಇರು, ಬದುಕಿನ ಸುಖ ನೋಡು’ ಅಂತ. ದಿನಕ್ಕೆ ನೂರು ಸಲ ಕರೆಯುವ ಹೆಸರೇ ನೂರು ಸಲ ಬೇಡಿಕೊಂಡ ಹಾಗೆ ಆಗುತ್ತದೆ.

ಅವರದೇ ಇನ್ನೊಂದು ಪದ್ಧತಿ ನನಗೆ ತುಂಬಾ ಇಷ್ಟ. ಅವಳಿ ಮಕ್ಕಳು ಹುಟ್ಟಿದರೆ ಹೆಸರು ಹುಡುಕುವ ತಲೆನೋವೇ ಇಲ್ಲ. ಮೊದಲು ಹುಟ್ಟಿದ್ದು ತೈವೊ, ಆಮೇಲೆ ಹುಟ್ಟಿದ್ದು ಕೆಹಿಂದೆ, ಗಂಡಾದರೂ ಸರಿ, ಹೆಣ್ಣಾದರೂ ಸರಿ. ಹಾಗಾದರೆ ತೈವೊ ದೊಡ್ಡವನು, ಅಲ್ವಾ? ಅಲ್ಲ! ಕೆಹಿಂದೆಯೇ ದೊಡ್ಡವನು. ‘ಹೋಗಿ ಲೋಕ ಹೇಗಿದೆ ನೋಡಿ ಬಾ’ ಅಂತ ತಮ್ಮನನ್ನು ಮುಂದೆ ಕಳಿಸಿ, ಅವನು ಅತ್ತು ಸುದ್ದಿ ಕೊಟ್ಟ ಮೇಲೆ ಅಣ್ಣ ಆರಾಮಾಗಿ ಹೊರಗೆ ಬಂದ ಅನ್ನುವುದು ಅವರ ಮಾತು. ದೊಡ್ಡವರು ಕೆಲಸ ಹೇಳುತ್ತಾರೆ, ಚಿಕ್ಕವರು ಓಡುತ್ತಾರೆ. ಅವಳಿಗಳ ನಂತರ ಹುಟ್ಟುವ ಮಗುವಿಗೂ ಹೆಸರು ಕಾದಿರುತ್ತದೆ, ಇದೊವು ಅಂತ.

ಇಷ್ಟು ಯಾಕೆ ಹೇಳಿದೆ ಅಂದರೆ, ಹೆಸರಿನ ಅರ್ಥ ಹೇಳುವ ವೆಬ್‌ಸೈಟುಗಳು ಎಷ್ಟೋ ಇವೆ. ಹೆಸರು ಟೈಪ್ ಮಾಡಿದರೆ ಒಂದು ಸಾಲಿನ ಅರ್ಥ ಬರುತ್ತದೆ, ಅದರ ಕೆಳಗೆ ‘ಈ ಹೆಸರಿನವರು ಧೈರ್ಯವಂತರು’ ಅನ್ನುವ ಪುರಾಣ ಬೇರೆ. ಆ ಒಂದು ಸಾಲಿನಲ್ಲಿ ಏನೂ ಇಲ್ಲ ಅನ್ನುವುದು ನನ್ನ ವಾದ. ಥಿಯೋಡೋರ್ ಅಂದರೆ ಗ್ರೀಕಿನಲ್ಲಿ ದೇವರು ಕೊಟ್ಟದ್ದು. ಬೊಗ್ದಾನ್ ಅಂದರೂ ಅದೇ, ಸ್ಲಾವ್ ಭಾಷೆಗಳಲ್ಲಿ. ಫ್ರೆಂಚಿನ ಡ್ಯೂಡೊನ್ನೆ, ಹೀಬ್ರೂ ಮೂಲದ ಜೊನಾಥನ್, ಸಂಸ್ಕೃತದ ದೇವದತ್ತ, ಎಲ್ಲವೂ ಅದೇ. ಅರ್ಥ ಒಂದೇ, ಸರಿ. ಆದರೆ ಯಾರು, ಯಾವಾಗ, ಯಾಕೆ ಇಟ್ಟರು ಅನ್ನುವುದರಲ್ಲೇ ಕಥೆ ಇರುವುದು.

ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಕೋಫಿ ಅನ್ನಾನ್ ಗೊತ್ತಲ್ಲ? ಅವರ ಪೂರ್ತಿ ಹೆಸರು ಕೋಫಿ ಅಟ್ಟಾ ಅನ್ನಾನ್. ಘಾನಾದ ಅಕಾನ್ ಜನರಲ್ಲಿ ಹುಟ್ಟಿದ ವಾರವೇ ಹೆಸರಾಗುತ್ತದೆ. ಕೋಫಿ ಅಂದರೆ ಶುಕ್ರವಾರ ಹುಟ್ಟಿದ ಹುಡುಗ, ಅಟ್ಟಾ ಅಂದರೆ ಅವಳಿ. ಕ್ಯಾಲೆಂಡರ್ ತೆಗೆದು ನೋಡಿ, 1938ರ ಏಪ್ರಿಲ್ 8 ಶುಕ್ರವಾರವೇ. ಅವರ ಜೊತೆ ಒಬ್ಬಳು ಸಹೋದರಿಯೂ ಹುಟ್ಟಿದ್ದಳು. ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಶನಿವಾರದವರು, ಕ್ವಾಮೆ ಅಂದರೆ ಅದೇ.

ಬಾಲಿ ದ್ವೀಪದಲ್ಲಿ ವಾರವಲ್ಲ, ಸರದಿ. ಮೊದಲನೆಯದು ವಯಾನ್, ಎರಡನೆಯದು ಮಡೆ, ಮೂರನೆಯದು ನ್ಯೋಮನ್, ನಾಲ್ಕನೆಯದು ಕೆಟುಟ್. ಐದನೆಯದು? ಮತ್ತೆ ವಯಾನ್.

ಹಳೇ ರೋಮಿನವರು ಹೆಣ್ಣುಮಕ್ಕಳ ವಿಷಯದಲ್ಲಿ ಇಷ್ಟು ಕೂಡ ತಲೆ ಕೆಡಿಸಿಕೊಳ್ಳಲಿಲ್ಲ. ಕುಲದ ಹೆಸರೇ ಹುಡುಗಿಯ ಹೆಸರು, ಮುಗಿಯಿತು. ಜೂಲಿಯಸ್ ಸೀಸರನ ಮನೆ ನೋಡಿ. ಅವನ ಇಬ್ಬರು ಅಕ್ಕತಂಗಿಯರ ಹೆಸರೂ ಜೂಲಿಯಾ, ಅತ್ತೆ ಜೂಲಿಯಾ, ಮಗಳೂ ಜೂಲಿಯಾ. ‘ಜೂಲಿಯಾ, ಬಾ ಇಲ್ಲಿ’ ಅಂತ ಕೂಗಿದರೆ ಎಷ್ಟು ಜನ ತಿರುಗಿ ನೋಡುತ್ತಿದ್ದರೋ!

(ಪರದೆಯ ಮೇಲೆ: 1849)

ಇಲ್ಲಿಯವರೆಗೆ ಹೇಳಿದ್ದು ಮನೆಯವರು ಇಟ್ಟ ಹೆಸರುಗಳು. ಇನ್ನು ಸರ್ಕಾರ ಇಟ್ಟ ಹೆಸರುಗಳಿಗೆ ಬರೋಣ. ಫಿಲಿಪ್ಪೀನ್ಸ್ ಆಗ ಸ್ಪೇನಿನ ಕೈಯಲ್ಲಿತ್ತು. ಜನ ಸಂತರ ಹೆಸರು, ದೇವರ ಹೆಸರು ಅಂತ ಮನಸ್ಸಿಗೆ ಬಂದದ್ದನ್ನು ಇಟ್ಟುಕೊಂಡಿದ್ದರು. ಊರಿಗೆ ಊರೇ ‘ದೆ ಲಾ ಕ್ರೂಸ್’, ‘ದೆ ಲೋಸ್ ಸಾಂತೋಸ್’. ಒಂದೇ ಮನೆಯ ಅಣ್ಣತಮ್ಮಂದಿರಿಗೂ ಬೇರೆ ಬೇರೆ ಅಡ್ಡಹೆಸರು. ತೆರಿಗೆ ಯಾರು ಕಟ್ಟಿದರು, ಯಾರು ಕಟ್ಟಿಲ್ಲ ಅಂತ ಪಟ್ಟಿ ಮಾಡಲು ಹೋದರೆ ಗುಮಾಸ್ತರಿಗೆ ಹುಚ್ಚು ಹಿಡಿಯುವ ಹಾಗಿತ್ತು. ಗವರ್ನರ್ ಜನರಲ್ ನಾರ್ಸಿಸೋ ಕ್ಲಾವೆರಿಯಾ 1849ರಲ್ಲಿ ಅಡ್ಡಹೆಸರುಗಳ ಒಂದು ದೊಡ್ಡ ಕ್ಯಾಟಲಾಗ್ ಮಾಡಿಸಿ, ಅದರ ಹಾಳೆಗಳನ್ನು ಊರೂರಿಗೆ ಹಂಚಿಸಿದ, ಆರಿಸಿಕೊಳ್ಳಿ ಅಂತ. ಕೆಲವು ಕಡೆ ಒಂದು ಊರಿಗೆ ಒಂದೇ ಅಕ್ಷರದ ಹಾಳೆ ಸಿಕ್ಕಿತು. ಹಾಗಾಗಿ ಈಗಲೂ ಕೆಲವು ಊರುಗಳಲ್ಲಿ ಹಳೇ ಮನೆತನಗಳ ಅಡ್ಡಹೆಸರೆಲ್ಲ ಒಂದೇ ಅಕ್ಷರದಿಂದ ಶುರುವಾಗುತ್ತವೆ. ಫಿಲಿಪ್ಪೀನ್ಸಿನವರ ಅಡ್ಡಹೆಸರು ಸ್ಪ್ಯಾನಿಷ್ ಇದೆ ಅಂದಮಾತ್ರಕ್ಕೆ ಅವರ ತಾತ ಸ್ಪೇನಿನವರು ಅಂದುಕೊಳ್ಳಬೇಡಿ. ತಾತನ ತಾತನ ಕೈಗೆ ಸಿಕ್ಕಿದ್ದು ಆ ಹಾಳೆ, ಅಷ್ಟೇ.

ಟರ್ಕಿಯಲ್ಲಿ 1934ರಲ್ಲಿ ಕಾನೂನು ಬಂತು, ಎಲ್ಲರೂ ಅಡ್ಡಹೆಸರು ಇಟ್ಟುಕೊಳ್ಳಲೇಬೇಕು ಅಂತ. ಮುಸ್ತಫಾ ಕೆಮಾಲರಿಗೆ ಸಂಸತ್ತು ಕೊಟ್ಟದ್ದು ‘ಅತಾತುರ್ಕ್’, ಟರ್ಕಿಯವರ ತಂದೆ. ಅದನ್ನು ಬೇರೆ ಯಾರೂ ಇಟ್ಟುಕೊಳ್ಳುವ ಹಾಗಿಲ್ಲ. ಸೋವಿಯತ್ ರಷ್ಯಾದಲ್ಲಿ ಮಾತ್ರ ಯಾರೂ ಬಲವಂತ ಮಾಡದೇ ಜನರೇ ಹುರುಪಿನಲ್ಲಿ ಮಕ್ಕಳಿಗೆ ‘ನಿನೆಲ್’ ಅಂತ ಇಟ್ಟರು. ರಷ್ಯನ್ ಅಕ್ಷರಗಳಲ್ಲಿ ಅದನ್ನು ತಿರುಗಿಸಿ ಓದಿದರೆ ‘ಲೆನಿನ್’.

ಮಂಗೋಲಿಯಾದಲ್ಲಿ ಆದದ್ದು ಉಲ್ಟಾ. ಕಮ್ಯುನಿಸ್ಟರು 1920ರ ದಶಕದಲ್ಲಿ ಕುಲದ ಹೆಸರನ್ನೇ ತೆಗೆದುಹಾಕಿದರು. 1990ರ ದಶಕದಲ್ಲಿ ‘ಮತ್ತೆ ಇಟ್ಟುಕೊಳ್ಳಿ’ ಅಂದಾಗ ತುಂಬಾ ಜನರಿಗೆ ತಮ್ಮ ಕುಲ ಯಾವುದು ಅನ್ನುವುದೇ ಮರೆತುಹೋಗಿತ್ತು. ಏನು ಮಾಡುವುದು? ಜನ ಹೋಗಿ ಹೋಗಿ ‘ಬೋರ್ಜಿಗಿನ್’ ಅಂತ ಬರೆಸಿದರು, ಅದು ಗೆಂಘಿಸ್ ಖಾನನ ಕುಲ. ಪುಕ್ಕಟೆ ಸಿಗುವಾಗ ದೊಡ್ಡದನ್ನೇ ಯಾಕೆ ಬಿಡಬೇಕು! ಆದರೆ 1981ರಲ್ಲಿ ಆಕಾಶಕ್ಕೆ ಹೋಗಿ ಬಂದ, ಆ ದೇಶದ ಮೊದಲ ಗಗನಯಾತ್ರಿ ಗುರ್ರಗ್ಚಾ ಆರಿಸಿಕೊಂಡದ್ದು ‘ಸಂಸಾರ್’. ಮಂಗೋಲಿಯನ್ ಭಾಷೆಯಲ್ಲಿ ಅಂತರಿಕ್ಷ.

ಈಗಿನ ಗುಮಾಸ್ತ ಯಾರು ಅಂದರೆ ಕಂಪ್ಯೂಟರ್ ಫಾರಂ. ಮೊದಲ ಹೆಸರಿಗೆ ಒಂದು ಖಾನೆ, ಕೊನೆಯ ಹೆಸರಿಗೆ ಒಂದು ಖಾನೆ. ಇಂಡೋನೇಷ್ಯಾದ ಅಧ್ಯಕ್ಷರಾಗಿದ್ದ ಸುಕಾರ್ನೊಗೆ ಇದ್ದದ್ದೇ ಒಂದು ಹೆಸರು. ಬರ್ಮಾದ ಯು ಥಾಂಟ್ ಹೆಸರಲ್ಲಿ ‘ಯು’ ಅನ್ನುವುದು ನಾವು ‘ಶ್ರೀ’ ಅನ್ನುವಂಥದ್ದು, ನಿಜವಾದ ಹೆಸರು ಥಾಂಟ್ ಅಷ್ಟೇ. ಇಂಥವರು ಅಮೆರಿಕದ ವೀಸಾಕ್ಕೆ ಅರ್ಜಿ ಹಾಕಿದರೆ ಖಾಲಿ ಖಾನೆಗೆ ‘ಎಫ್‌ಎನ್‌ಯು’ ಅಂತ ತುಂಬುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಅಂತ. ಆಮೇಲೆ ಆಫೀಸುಗಳಲ್ಲಿ ಕೆಲವರು ಅದನ್ನೇ ಹೆಸರು ಅಂದುಕೊಂಡು ‘ಫ್ನು’ ಅಂತ ಕರೆಯುವುದೂ ಇದೆ.

ಕೊನೆಯದಾಗಿ ಐಸ್‌ಲ್ಯಾಂಡ್. ಅಲ್ಲಿ ಬಹುತೇಕರಿಗೆ ಮನೆತನದ ಹೆಸರೇ ಇಲ್ಲ. ಯೋನ್ ಅನ್ನುವವನ ಮಗ ಯೋನ್ಸನ್, ಮಗಳು ಯೋನ್ಸ್‌ಡೋಟ್ಟಿರ್. ಒಂದೇ ಮನೆಯ ನಾಲ್ಕು ಜನಕ್ಕೆ ನಾಲ್ಕು ಕೊನೆಯ ಹೆಸರು. ಅದಕ್ಕೇ ಪ್ರಧಾನಿಯನ್ನೂ ಮೊದಲ ಹೆಸರಿನಿಂದಲೇ ಕರೆಯುತ್ತಾರೆ, ಟೆಲಿಫೋನ್ ಡೈರೆಕ್ಟರಿಯೂ ಮೊದಲ ಹೆಸರಿನ ಕ್ರಮದಲ್ಲೇ ಇರುತ್ತಿತ್ತು. ಇಷ್ಟು ಸಲೀಸಾದ ಜನ, ಮಗುವಿನ ಹೆಸರಿಗೆ ಮಾತ್ರ 1991ರಿಂದ ಒಂದು ಸಮಿತಿಯನ್ನೇ ಇಟ್ಟಿದ್ದಾರೆ. ಪಟ್ಟಿಯಲ್ಲಿಲ್ಲದ ಹೊಸ ಹೆಸರು ಬೇಕಾದರೆ ಅಲ್ಲಿ ಒಪ್ಪಿಗೆ ಬೇಕು. ಆದರೆ ಕಾನೂನು ನಿಂತ ನೀರಲ್ಲ. ತನ್ನನ್ನು ಗಂಡು, ಹೆಣ್ಣು ಎರಡೂ ಅಲ್ಲ ಅಂತ ನೋಂದಾಯಿಸಿಕೊಂಡವರು 2019ರ ಕಾನೂನಿನ ಪ್ರಕಾರ ‘ಸನ್’, ‘ಡೋಟ್ಟಿರ್’ ಎರಡನ್ನೂ ಬಿಟ್ಟು ‘ಬುರ್’ ಅಂತ ಹಾಕಿಕೊಳ್ಳಬಹುದು. ಇಲ್ಲಿ ಅದರ ಅರ್ಥ ಮಗು.

ನಿಮಗೆ ಹೆಸರಿಟ್ಟವರು ಯಾರು, ಅದನ್ನೇ ಯಾಕಿಟ್ಟರು ಅಂತ ಮನೆಯಲ್ಲಿ ಕೇಳಿ, ಕಮೆಂಟಿನಲ್ಲಿ ಬರೆಯಿರಿ. ಅರ್ಥ ಬೇಡ, ಕಥೆ ಬರೆಯಿರಿ.