ಈ ಪೊರೆ ಜರಡಿಯಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ. ಸೇಡಂ, ವಾಡಿ, ಚಿತ್ತಾಪುರ, ಶಹಾಬಾದ್ ಕಡೆಯವರಿಗೆ ಇನ್ನೊಂದು ನಮಸ್ಕಾರ, ಯಾಕಂದ್ರೆ ಈ ಮಾತು ಮುಖ್ಯವಾಗಿ ನಿಮಗೇ. ಸಿಮೆಂಟ್ ಕಾರ್ಖಾನೆಯ ಧೂಳು ನಿಮಗೆ ಗೊತ್ತು. ಧೂಳು ಕಾಣುತ್ತದೆ, ಒಣಹಾಕಿದ ಬಟ್ಟೆ ಮೇಲೆ ಕೂರುತ್ತದೆ. ಅದೇ ಚಿಮಣಿಯಿಂದ ಕಾಣದ ಗಾಳಿಯೊಂದು ಹೋಗುತ್ತದೆ, ಇಂಗಾಲದ ಡೈಆಕ್ಸೈಡ್. ನನ್ನ ಮಾತು ಅದರದ್ದು.

ಈ ಗಾಳಿ ನಮ್ಮ ಸುಣ್ಣದ ಕಲ್ಲಿನೊಳಗೇ ಅಡಗಿದೆ. 100 ಕೆಜಿ ಶುದ್ಧ ಸುಣ್ಣದ ಕಲ್ಲು ಸುಟ್ಟರೆ ಕೈಗೆ ಸಿಗುವುದು 56 ಕೆಜಿ ಸುಣ್ಣ. ಮಿಕ್ಕ 44 ಕೆಜಿ ಚಿಮಣಿ ಹತ್ತುತ್ತದೆ. ಕಲ್ಲಿದ್ದಲು ಬಿಟ್ಟು ಬೇರೆ ಉರುವಲು ಹಾಕಿದರೂ ಈ 44 ಕೆಜಿ ತಪ್ಪುವುದಿಲ್ಲ. ಹಾಗಾಗಿ ಅದನ್ನು ಹೊಗೆಯಲ್ಲೇ ಹಿಡಿಯಬೇಕು. ಸೂಕ್ಷ್ಮ ತೂತುಗಳಿರುವ ತೆಳು ಪ್ಲಾಸ್ಟಿಕ್ ಪೊರೆ ಮತ್ತು ಈ ಗಾಳಿಯನ್ನು ಹೀರಿಕೊಳ್ಳುವ ದ್ರಾವಣ ಜೋಡಿಯಾಗಿ ಆ ಕೆಲಸ ಮಾಡುತ್ತವೆ.

ಪೊರೆ ಅಂದ ಕೂಡಲೇ ಎಲ್ಲರದೂ ಒಂದೇ ಪ್ರಶ್ನೆ: "ಫಿಲ್ಟರ್ ಅಲ್ವಾ ಸರ್?" ಅಲ್ಲ. ಎಷ್ಟು ಸಲ ಹೇಳಿದರೂ ಮತ್ತೆ ಇದೇ ಕೇಳುತ್ತಾರೆ. ಇವತ್ತು ಬೇರೇನೂ ನೆನಪಿಡಬೇಡಿ, ಇದೊಂದು ಇಟ್ಟುಕೊಳ್ಳಿ: ಈ ಪೊರೆ ಜರಡಿಯಲ್ಲ. ಗಾಳಿಯನ್ನು ಆರಿಸುವುದು ದ್ರಾವಣ. ಪೊರೆ ಇಬ್ಬರನ್ನೂ ಭೇಟಿ ಮಾಡಿಸುತ್ತದೆ, ಅಷ್ಟೇ.

ಒಂದು ಪ್ರಸಂಗ ಹೇಳುತ್ತೇನೆ. ಚಿತ್ತಾಪುರ ತಾಲ್ಲೂಕಿನ ಒಂದು ಶಾಲೆಗೆ ಹೋಗಿದ್ದೆ. ಎಲೆ ಅಡಿಕೆ ಸುಣ್ಣವನ್ನು ಹಿಂದಿನ ರಾತ್ರಿ ನೀರಿಗೆ ಕದಡಿಟ್ಟು, ಬೆಳಗ್ಗೆ ಮೇಲಿನ ತಿಳಿಯನ್ನು ಗಾಜಿನ ಲೋಟಗಳಿಗೆ ಬಸಿದು ಒಯ್ದಿದ್ದೆ. ಮಕ್ಕಳ ಕೈಗೆ ಸ್ಟ್ರಾ ಕೊಟ್ಟು ಊದಿ ಅಂದೆ. ನಾವು ಬಿಡುವ ಉಸಿರಿನಲ್ಲಿ ನೂರಕ್ಕೆ ಸುಮಾರು 4 ಪಾಲು ಇಂಗಾಲದ ಡೈಆಕ್ಸೈಡ್ ಇರುತ್ತದೆ. ಗುಳುಗುಳು ಅಂತ ಊದುತ್ತಾ ಊದುತ್ತಾ ತಿಳಿನೀರು ಮಜ್ಜಿಗೆಯಂತೆ ಬೆಳ್ಳಗಾಯಿತು. ಮಕ್ಕಳ ಕಣ್ಣು ನೋಡಬೇಕಿತ್ತು! ಭಟ್ಟಿಯಲ್ಲಿ ಕಲ್ಲನ್ನು ಬಿಟ್ಟು ಹೋಗುವ ಗಾಳಿಯೇ ಲೋಟದಲ್ಲಿ ಸುಣ್ಣವನ್ನು ಸೇರಿ ಮತ್ತೆ ಕಲ್ಲಾಯಿತು. ಉಸಿರಿನಲ್ಲಿದ್ದ ಸಾರಜನಕ, ಆಮ್ಲಜನಕ ಎಲ್ಲಾ ಹಾಗೇ ಮೇಲೆ ಬಂದು ಹೋದವು. ಸುಣ್ಣದ ನೀರು ತನಗೆ ಬೇಕಾದದ್ದನ್ನು ಮಾತ್ರ ಹಿಡಿಯಿತು. ದ್ರಾವಣ ಆರಿಸುತ್ತದೆ ಅಂದೆನಲ್ಲ, ಅದು ಇದೇ.

ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಲಂಗ, ಕೈ, ಕಾಲಡಿಯ ಕಪ್ಪು ಫರ್ಸಿ, ಎಲ್ಲದರ ಮೇಲೂ ಬಿಳಿ ಹನಿ. "ಸರ್, ಜೋರ್ ಊದಿದ್ರ ನೀರ್ ಹೊರಗ ಸಿಡಿತಾವ್ರಿ. ಹಗುರ್ಕ ಊದಿದ್ರ ಲಗೂನ ಬೆಳ್ಳಗ ಆಗಲ್ರಿ. ಹ್ಯಾಂಗ್ ಮಾಡ್ಬೇಕ್ರಿ?"

ನನಗೆ ರೋಮಾಂಚನವಾಯಿತು. ದೊಡ್ಡ ಕಾರ್ಖಾನೆಗಳ ತೊಂದರೆಯೂ ಇದೇ. ಅಲ್ಲಿ ಎತ್ತರದ ಗೋಪುರದಲ್ಲಿ ಮೇಲಿನಿಂದ ದ್ರಾವಣ ಸುರಿಯುತ್ತಾರೆ, ಕೆಳಗಿನಿಂದ ಹೊಗೆ ಬಿಡುತ್ತಾರೆ. ಹೊಗೆ ಜೋರಾದರೆ ದ್ರಾವಣ ಕೆಳಗಿಳಿಯದೆ ಮೇಲೇ ತುಂಬಿಕೊಳ್ಳುತ್ತದೆ, ನೊರೆ ಬರುತ್ತದೆ, ಹನಿ ಹಾರಿಹೋಗುತ್ತವೆ.

ಅವಳಿಗೆ ಹೇಳಿದೆ: ನಡುವೆ ಒಂದು ಗೋಡೆ ಇಡೋಣ. ಈಚೆ ಹೊಗೆ, ಆಚೆ ದ್ರಾವಣ. ಗೋಡೆ ಅಂದರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಶಾವಿಗೆಯಂಥ ಟೊಳ್ಳು ಎಳೆಗಳು, ಸಾವಿರಗಟ್ಟಲೆ ಕಟ್ಟಿದ್ದು. ಎಳೆಯ ಮೈತುಂಬಾ ಸೂಕ್ಷ್ಮ ತೂತು. ಈ ಪ್ಲಾಸ್ಟಿಕ್ಕಿಗೆ ನೀರು ಅಂಟುವುದಿಲ್ಲ, ಹಾಗಾಗಿ ದ್ರಾವಣ ತೂತಿಗೆ ನುಗ್ಗದು, ಗಾಳಿ ಮಾತ್ರ ದಾಟುತ್ತದೆ. ಆ ತೂತು ಎಷ್ಟೇ ಸಣ್ಣದಾದರೂ ಗಾಳಿಯ ಅಣುವಿಗಿಂತ ನೂರಾರು ಪಟ್ಟು ಅಗಲ. ಊರ ಅಗಸಿ ಬಾಗಿಲಲ್ಲಿ ತೊಗರಿ ಬೇರೆ, ಕಡಲೆ ಬೇರೆ ಅಂತ ಸೋಸೋಕೆ ಆಗುತ್ತಾ? ಅದಕ್ಕೇ ಹೇಳೋದು, ಈ ಪೊರೆ ಜರಡಿಯಲ್ಲ!

ಹೃದಯದ ಆಪರೇಷನ್ ವೇಳೆ ರಕ್ತಕ್ಕೆ ಆಮ್ಲಜನಕ ಕೊಡುವ ಯಂತ್ರದಲ್ಲೂ ಇಂಥದೇ ಎಳೆಗಳಿವೆ. ಒಂದು ಕಡೆ ರಕ್ತ, ಇನ್ನೊಂದು ಕಡೆ ಗಾಳಿ.

ಸ್ಟುಡಿಯೋ ಗಾಜಿನಾಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಜಾಗ ತುಂಬಾ ಉಳಿಯುತ್ತದೆ. ಒಂದು ಘನ ಮೀಟರ್ ಗೋಪುರದಲ್ಲಿ ಹೊಗೆ ಮತ್ತು ದ್ರಾವಣ ತಾಗುವ ಮೈ ಸಾಮಾನ್ಯವಾಗಿ 100ರಿಂದ 250 ಚದರ ಮೀಟರ್. ಅಷ್ಟೇ ಜಾಗದ ಎಳೆಗಳಲ್ಲಿ 1000 ದಾಟುತ್ತದೆ.

ಕಾರ್ಖಾನೆಯಲ್ಲಿ ಸುಣ್ಣದ ತಿಳಿಯಲ್ಲ, ಹೆಚ್ಚಾಗಿ ಅಮೀನ್ ಎಂಬ ದ್ರಾವಣ ಬಳಸುತ್ತಾರೆ. ಹಿಡಿದ ಗಾಳಿಯನ್ನು ಅದು ಸುಮಾರು 120 ಡಿಗ್ರಿಗೆ ಕಾಯಿಸಿದರೆ ಬಿಟ್ಟುಕೊಡುತ್ತದೆ, ಮತ್ತೆ ಕೆಲಸಕ್ಕೆ ಬರುತ್ತದೆ. ಖರ್ಚಿನ ದೊಡ್ಡ ಪಾಲು ಆ ಕಾಯಿಸುವುದರಲ್ಲೇ.

ಪೊರೆಗೆ ದೊಡ್ಡ ಶತ್ರು, ಒದ್ದೆಯಾಗುವುದು. ಕುರಿಗಾಹಿಯ ಕಂಬಳಿ ನೋಡಿದ್ದೀರಲ್ಲ? ಮಳೆಹನಿ ಮೇಲೇ ಉರುಳಿ ಹೋಗುತ್ತದೆ. ಬಹಳ ಹೊತ್ತು ನೆನೆದರೆ, ಒತ್ತಿದರೆ, ನೀರು ಒಳಗಿಳಿಯುತ್ತದೆ. ಪೊರೆಯದೂ ಅದೇ ಕಥೆ. ತೂತಿನೊಳಗೆ ದ್ರಾವಣ ಸೇರಿತೋ, ಗಾಳಿ ದಾಟುವುದು ತೀರಾ ನಿಧಾನ. ಗಾಳಿಯಲ್ಲಿ ಸಾಗುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನ! ಈ ಪೊರೆಗಳ ಮೇಲೆ ದುಡಿಯುವವರ ದೊಡ್ಡ ತಲೆನೋವು ಇದೇ.

ಶಾಲೆಯ ಮೇಷ್ಟ್ರುಗಳೇ, ಇವತ್ತು ರಾತ್ರಿ ಸುಣ್ಣ ಕದಡಿಡಿ, ಬೆಳಗ್ಗೆ ತಿಳಿ ಸಿಗುತ್ತದೆ. ಮಕ್ಕಳು ಊದಬೇಕು, ಹೀರಬಾರದು. ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ನಮಸ್ಕಾರ.